ಮನೆ ಕೊಡುತ್ತೇನೆ, ಬರೆದು ಕೊಡುವುದಿಲ್ಲ

ಚೈತ್ರಾಳಿಗೆ ಅರ್ಥವಾಗದೆ ಉಳಿದದ್ದು ಒಂದೇ ವಿಷಯ. ಉಮಾಮಹೇಶ್ವರ ಭಟ್ಟರು ಮೇಲಿನ ಮನೆ ಬಾಡಿಗೆಗೆ ಕೊಡುತ್ತೇನೆ ಅನ್ನುತ್ತಿದ್ದರು. ಕೊಟ್ಟಿದ್ದೇನೆ ಎಂದು ಕಾಗದದ ಮೇಲೆ ಬರೆಯಲು ಮಾತ್ರ ಒಪ್ಪುತ್ತಿರಲಿಲ್ಲ.

ಹಿಂದಿನ ವಾರ ಅವಳೊಬ್ಬಳೇ ಬಂದು ಮನೆ ನೋಡಿ ಹೋಗಿದ್ದಳು. ಸಾಗರದಿಂದ ವರದಹಳ್ಳಿಗೆ ಹೋಗುವ ರಸ್ತೆಯ ಬದಿಗೆ, ಅವಳಿಗೆ ನರ್ಸ್ ಕೆಲಸ ಸಿಕ್ಕಿದ್ದ ಖಾಸಗಿ ಆಸ್ಪತ್ರೆಯಿಂದ ಹತ್ತು ನಿಮಿಷದ ನಡಿಗೆ. ಕೆಳಗೆ ಭಟ್ಟರ ಸಂಸಾರ. ಮೇಲೆ ಒಂದು ಕೋಣೆ, ಅಡುಗೆಮನೆ, ಬಚ್ಚಲು, ಬಟ್ಟೆ ಒಣಗಿಸಲು ಶೀಟು ಹೊದಿಸಿದ ಜಗಲಿ. ಅದಕ್ಕೂ ಮೊದಲು ನಾಲ್ಕು ಮನೆ ನೋಡಿ ಬಂದಿದ್ದಳು. ಎರಡು ಕಡೆ ಒಂಟಿ ಹುಡುಗಿಗೆ ಕೊಡುವುದಿಲ್ಲ ಅಂದರು. ಒಂದು ಕಡೆ ಜಾತಿ ಕೇಳಿ, ನೋಡೋಣ ಅಂದರು. ಇನ್ನೊಂದು ಕಡೆ ಬಾಗಿಲೇ ತೆಗೆಯಲಿಲ್ಲ.

ಇಲ್ಲಿ ಭಟ್ಟರ ಹೆಂಡತಿ ವೇದಾವತಿ ನೇರವಾಗಿಯೇ ಕೇಳಿದ್ದರು. "ಗೌಡ್ರ ಮನೆ ಹುಡುಗಿ ಅಂತೀಯಾ. ಮೀನು-ಗೀನು ಮೇಲೆ ಮಾಡೋ ಹಾಗಿಲ್ಲ ನೋಡು."

"ಊರಿಗೆ ಹೋದಾಗ ತಿಂತೀನಿ ಆಂಟಿ. ಇಲ್ಲಿ ಮಾಡಲ್ಲ."

"ಸುಳ್ಳು ಹೇಳದೆ ತಿಂತೀನಿ ಅಂದ್ಯಲ್ಲ, ಅಷ್ಟು ಸಾಕು."

ಕಠಿಣವಾದ ಪರೀಕ್ಷೆ ಅದೇ ಇರಬೇಕು, ಪಾಸಾದೆ ಅಂದುಕೊಂಡಿದ್ದಳು ಚೈತ್ರಾ. ಆಮೇಲೆ ಬಾಡಿಗೆ ಕರಾರಿನ ಮಾತು ಎತ್ತಿದಳು. ಭಟ್ಟರ ಮುಖ ಬೇರೆಯಾಯಿತು.

"ಅದೆಲ್ಲ ಎಂತಕ್ಕೆ? ನೀನು ಬಂದು ಇರು. ಬಾಡಿಗೆ ನಿಂಗೆ ಸಂಬಳ ಆದಾಗ ಕೊಡು. ಬರಹ-ಗಿರಹ ಬೇಡ."

"ನಂಗೆ ಬೇಡ ಅಂಕಲ್. ಆಸ್ಪತ್ರೆಯವ್ರು ಕೇಳ್ತಾರೆ. ಅವ್ರಿಗೆ ತೋರ್ಸೋಕೆ ಅಷ್ಟೆ."

ಆ ಮಾತು ಕೇಳಿದ ಕೂಡಲೆ ಭಟ್ಟರು ಎದ್ದು ಅಂಗಳಕ್ಕೆ ಹೋಗಿಬಿಟ್ಟಿದ್ದರು. ಒಣಗಲು ಹಾಕಿದ್ದ ಗೋಣಿಚೀಲಗಳನ್ನು ಮಡಚುತ್ತ ನಿಂತವರು ಅವಳು ಹೊರಡುವವರೆಗೂ ತಿರುಗಿ ಬರಲಿಲ್ಲ.

ಕಾಗದ ಇಲ್ಲದೆ ಕೆಲಸ ಇರಲಿಲ್ಲ. ತುರ್ತು ಕರೆ ಬಂದರೆ ಹದಿನೈದು ನಿಮಿಷದೊಳಗೆ ಹಾಜರಿರಬೇಕು ಎಂಬುದು ಆ ಆಸ್ಪತ್ರೆಯ ನಿಯಮ. ಹತ್ತಿರದಲ್ಲಿ ಮನೆ ಮಾಡಿದ್ದೇನೆ ಎಂಬುದಕ್ಕೆ ಕರಾರಿನ ಪ್ರತಿಯನ್ನು ಸೋಮವಾರ ಬೆಳಿಗ್ಗೆ ಕೊಡಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿದ್ದ ಮುಂದಿನವಳನ್ನು ಕರೆಯುತ್ತಾರೆ. ಚೈತ್ರಾಳ ಊರು ತೀರ್ಥಹಳ್ಳಿಯಿಂದಲೂ ಆಚೆ. ಹೊಸನಗರದಲ್ಲಿ ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು.

ಮನೆಗೆ ಹೋಗಿ ವಾರವಿಡೀ ಯೋಚಿಸಿದಳು. ತಾನೇನು ತಪ್ಪು ಆಡಿದೆ? ಹುಡುಗಿ ಒಬ್ಬಳೇ ಬಂದು ಕರಾರು-ಗಿರಾರು ಅಂದದ್ದು ಅತಿಯಾಯಿತೇ? ಹಿರಿಯರನ್ನು ಕರೆದುಕೊಂಡು ಹೋದರೆ ಸರಿಯಾಗಬಹುದು ಎಂದು ಅವಳಿಗೆ ತೋರಿತು. ಶನಿವಾರ ಬೆಳಿಗ್ಗೆ ಅಪ್ಪ ಹೂವಯ್ಯನನ್ನು ಹೊರಡಿಸಿಕೊಂಡು ಬಂದಳು. ಕೋರ್ಟಿನ ಎದುರಿನ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ಕರಾರು ಟೈಪು ಮಾಡಿಸಿ, ಮಾಲೀಕರ ಹೆಸರಿನ ಜಾಗ ಖಾಲಿ ಬಿಡಿಸಿ ಚೀಲದಲ್ಲಿ ಇಟ್ಟುಕೊಂಡಳು. ಹೂವಯ್ಯನ ಕೈಯಲ್ಲಿ ಒಂದು ಬಾಟಲಿ ಜೇನುತುಪ್ಪ ಇತ್ತು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವ ಪದ್ಧತಿ ಅವನಿಗಿರಲಿಲ್ಲ.

ಭಟ್ಟರು ಚೆನ್ನಾಗಿಯೇ ಮಾತನಾಡಿಸಿದರು. ಮೊದಲು ಬೆಲ್ಲ, ನೀರು ಬಂತು. ಆಮೇಲೆ ಕಾಫಿ ಬಂತು. ತೀರ್ಥಹಳ್ಳಿ ಕಡೆ ಮಂಗನ ಕಾಟ ಹೇಗೆ, ಈ ಸಲ ನಾಟಿ ಆಯಿತೇ ಎಂದೆಲ್ಲ ವಿಚಾರಿಸಿದರು. ಚೈತ್ರಾಳಿಗೆ ಧೈರ್ಯ ಬಂತು. ಅಪ್ಪನ ಕಡೆ ನೋಡಿದಳು.

ಹೂವಯ್ಯ ಗಂಟಲು ಸರಿಮಾಡಿಕೊಂಡ. "ಭಟ್ರೇ, ಗುರುತು ಪರಿಚಯ ಇಲ್ದೋರಿಗೆ ಮನೆ ಕೊಡೋದು ಅಂದ್ರೆ ಹಗುರದ ಮಾತಲ್ಲ. ನಾವು ಯಾರು ಏನು ಅಂತ ನಿಮಗೆ ಗೊತ್ತಾಗ್ಬೇಕು."

"ಹೇಳಿ ಗೌಡ್ರೇ."

"ನಾವು ಬೇರೆಯೋರ ವಸ್ತು ಮುಟ್ಟಿದೋರಲ್ಲ. ನಮ್ಮಪ್ಪ ಗೇಣಿ ಮಾಡ್ತಿದ್ರು. ಗದ್ದೆ ಒಡೇರದ್ದು, ದುಡಿಮೆ ನಮ್ಮದು. ಒಂದು ವರ್ಷನೂ ಒಂದು ಕೊಳಗ ಭತ್ತ ಬಾಕಿ ಇಟ್ಟಿಲ್ಲ. ಆಮೇಲೆ ಉಳುವವನೇ ಒಡೆಯ ಅಂತ ಕಾನೂನು ಬಂತಲ್ಲ, ಅಪ್ಪ ಫಾರಂ ಏಳು ಕೊಟ್ರು. ಟ್ರಿಬ್ಯೂನಲ್ಲಲ್ಲಿ ಗೇಣಿ ಚೀಟಿ ತೋರಿಸಿದ್ರು. ನಾಲ್ಕೆಕರೆ ಗದ್ದೆ ನಮ್ಮ ಹೆಸರಿಗೇ ಆಯ್ತು. ನಿಯತ್ತಿನ ಜನ ಭಟ್ರೇ ನಾವು. ಬೇಕಾದ್ರೆ ನಮ್ಮೂರಲ್ಲಿ ಯಾರನ್ನಾದ್ರೂ ಕೇಳಿ."

ಭಟ್ಟರು ಲೋಟವನ್ನು ನೆಲದ ಮೇಲಿಟ್ಟರು.

"ಹೋ," ಅಂದರು. ಮತ್ತೆ, "ಚೀಟಿ ತೋರಿಸಿದ್ರಾ," ಅಂದರು.

"ಹೂಂ. ಅದೊಂದು ಜೋಪಾನ ಇಟ್ಟಿದ್ದಕ್ಕೆ ಬದುಕಿಕೊಂಡ್ವಿ."

ಭಟ್ಟರು ಅಂಗಳದ ಕಡೆ ಮುಖ ತಿರುಗಿಸಿದರು. ಹೂವಯ್ಯ ಮಗಳನ್ನು ನೋಡಿದ. ಮಗಳು ಅಪ್ಪನನ್ನು ನೋಡಿದಳು. ಇಷ್ಟು ಚೆಂದ ಆಡಿದ ಮಾತಿನಲ್ಲಿ ಎಡವಟ್ಟು ಎಲ್ಲಿಯದು ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಲೋಟ ತಗೊಂಡು ಒಳಗೆ ಬಾ ಹುಡುಗಿ," ಎಂದು ವೇದಾವತಿ ಕರೆದರು.

ಅಡುಗೆಮನೆಯಲ್ಲಿ ಅವರು ಸೌತೆಕಾಯಿ ಹೆಚ್ಚುತ್ತಿದ್ದರು. "ಆ ಕಥೆ ಹೇಳು ಅಂತ ನಿಮ್ಮಪ್ಪಂಗೆ ಯಾರು ಹೇಳಿಕೊಟ್ರು?"

"ಅವ್ರು ಒಳ್ಳೇದೇ ಹೇಳಿದ್ರಲ್ಲ ಆಂಟಿ."

"ಒಳ್ಳೇದೇ. ಈ ಮನೇಲಿ ಹೇಳೋದಲ್ಲ." ವೇದಾವತಿ ದನಿ ತಗ್ಗಿಸಿದರು. "ನಮ್ಮ ಮಾವನೋರ ಗದ್ದೆ ಒಬ್ಬ ಗೇಣಿ ಮಾಡ್ತಿದ್ದ. ಸೊಸೈಟೀಲಿ ಗೊಬ್ಬರ ಸಿಗಬೇಕು, ಒಂದು ಚೀಟಿ ಬರ್ಕೊಡಿ ಒಡೇರೆ ಅಂದ. ತೋರ್ಸೋಕೆ ಅಷ್ಟೆ ಅಂದ. ಮಾವನೋರು ಬರ್ಕೊಟ್ರು. ಅದೇ ಚೀಟಿ ಟ್ರಿಬ್ಯೂನಲ್ಲಿಗೆ ಹೋಯ್ತು. ಗದ್ದೆನೂ ಅದರ ಹಿಂದೆ ಹೋಯ್ತು. ಆಗ ಇವ್ರಿಗೆ ಹದಿನೆಂಟು ವರ್ಷ. ನೀ ಹೋದ ವಾರ ಬಂದು ಅದೇ ಮಾತು ಅಂದೆ."

ಚೈತ್ರಾ ಲೋಟ ಹಿಡಿದುಕೊಂಡೇ ನಿಂತಳು. ಗೇಣಿ ಚೀಟಿ ಅಂದರೆ ಅವಳ ಮನೆಯಲ್ಲಿ ದೇವರ ಗೂಡಿನಲ್ಲಿ ಇಡುವಂಥ ವಸ್ತು. ಅದರಿಂದ ಒಬ್ಬರು ಕೆಟ್ಟಿರಬಹುದು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಅಪ್ಪನ ಕಡೆ ನಿಲ್ಲಬೇಕೋ, ಭಟ್ಟರಿಗಾಗಿ ಅಯ್ಯೋ ಅನ್ನಬೇಕೋ ಅವಳಿಗೆ ಹೊಳೆಯಲಿಲ್ಲ. ಸೋಮವಾರ ಅನ್ನುವುದು ಮಾತ್ರ ತಲೆಯೊಳಗೆ ಕೂತಿತ್ತು.

"ಹಾಗಾದ್ರೆ ನಂಗೆ ಈ ಮನೆ ಇಲ್ಲ ಅಲ್ವಾ ಆಂಟಿ?"

"ಯಾಕೆ ಇಲ್ಲ? ಮನೆ ಇರೋದು ನನ್ನ ಹೆಸರಲ್ಲಿ. ಗದ್ದೆ ಹೋದ ಮೇಲೆ ನಮ್ಮಪ್ಪ, ಮಗಳಿಗೆ ಕಾಲಿಡೋಕಾದ್ರೂ ಜಾಗ ಇರ್ಲಿ ಅಂತ ಈ ಸೈಟು ಕೊಟ್ಟಿದ್ದು."

ಚೈತ್ರಾಳಿಗೆ ಮತ್ತಷ್ಟು ಗೊಂದಲವಾಯಿತು. "ಹೋದ ವಾರನೇ ಹೇಳಬಹುದಿತ್ತಲ್ಲ?"

"ನೀನು ಕೇಳಿದ್ದು ಅವ್ರನ್ನ. ನನ್ನ ಹತ್ರ ಮಾತಾಡಿದ್ದು ಮೀನಿನ ವಿಷಯ ಒಂದೇ."

ವೇದಾವತಿ ಕೈ ಒರೆಸಿಕೊಂಡು ಹೊರಗೆ ಬಂದರು. ಗಂಡನ ಹತ್ತಿರ ಮಾತನಾಡುವಾಗ ಅವರು ತಮ್ಮ ಮನೆಮಾತಿಗೆ ಹೊರಳಿದರು. "ಕಾಗದಕ್ಕೆ ಆನು ಸಹಿ ಹಾಕ್ತಿ. ಮನೆ ಎನ್ನ ಹೆಸರಲ್ಲಿ ಇದ್ದು."

"ನಿಂಗೆ ಗೊತ್ತಿಲ್ಲೆ, ಸುಮ್ನಿರು."

"ಎಂತ ಗೊತ್ತಿಲ್ಲೆ? ಈ ಕೂಸು ಮೇಲಿನ ಕೋಣೆಲಿ ಗದ್ದೆ ಹೂಡ್ತಾ?"

ಮಾತಿನ ಬನಿ ಬೇರೆಯಾದರೂ ಗದ್ದೆ ಅನ್ನುವ ಪದ ಕೇಳಿ ಹೂವಯ್ಯನಿಗೆ ನಿಧಾನವಾಗಿ ಒಂದೊಂದೇ ಹೊಂದಿ ಬಂತು. ಕುರ್ಚಿಯ ಅಂಚಿಗೆ ಸರಿದು ಕೂತ.

"ಭಟ್ರೇ, ನಿಮ್ಮದೂ ಹೋಗಿತ್ತಾ?"

"ಹೋಗಿತ್ತು. ಆರೆಕರೆ."

"ನಮ್ಮಪ್ಪ ನಿಮ್ಮದು ತಗೊಂಡಿಲ್ಲ."

"ನಮ್ಮಂಥೋರದ್ದೇ ತಗೊಂಡಿರ್ಬೇಕಲ್ಲ ಗೌಡ್ರೇ."

"ಮೂರು ತಲೆಮಾರು ಅದರಲ್ಲಿ ಕೆಸರು ತುಳಿದಿದ್ವಿ."

"ತುಳಿದಿದ್ರಿ. ಅದನ್ನ ನಾನೂ ಇಲ್ಲ ಅನ್ನೋದಿಲ್ಲ."

ಜಗಳ ಆಗುತ್ತದೆ ಎಂದು ಚೈತ್ರಾ ಕಾದಳು. ಆಗಲಿಲ್ಲ.

"ಆ ಕಾಗದ ಓದು," ಅಂದರು ಭಟ್ಟರು.

ಅವಳು ನಿಂತಲ್ಲೇ ಓದಿದಳು. ಹನ್ನೊಂದು ತಿಂಗಳ ಅವಧಿ. ಗೋಡೆಗೆ ಮೊಳೆ ಹೊಡೆಯಕೂಡದು. ಬಿಡುವ ಮುಂಚೆ ಒಂದು ತಿಂಗಳು ತಿಳಿಸಬೇಕು. ಸದರಿ ಮನೆಯ ಮೇಲೆ ಬಾಡಿಗೆದಾರರಿಗೆ ವಾಸದ ಹೊರತು ಬೇರಾವ ಹಕ್ಕೂ ಇರತಕ್ಕದ್ದಲ್ಲ.

"ಅದನ್ನ ಇನ್ನೊಂದು ಸಲ ಓದು."

ಅವಳು ಓದಿದಳು. ಭಟ್ಟರು ಹೂವಯ್ಯನ ಕಡೆ ತಿರುಗಿದರು. "ನಿಮ್ಮ ಅಪ್ಪನ ಚೀಟೀಲಿ ಇಂಥದ್ದು ಏನಾದ್ರೂ ಇತ್ತಾ?"

"ಎಲ್ಲೀದು. ಹೆಸರು, ವರ್ಷ, ಇಷ್ಟು ಖಂಡುಗ ಭತ್ತ ಬಂತು ಅಂತ. ಬೆರಳುದ್ದ ಕಾಗದ."

"ನಮ್ಮದೂ ಅಷ್ಟೇ ಇತ್ತು."

ವೇದಾವತಿ ಖಾಲಿ ಜಾಗದಲ್ಲಿ ತಮ್ಮ ಹೆಸರನ್ನು ದುಂಡಗೆ ಬರೆದು, ಕೆಳಗೆ ಅದನ್ನೇ ಸಹಿಯಾಗಿ ಇನ್ನೊಮ್ಮೆ ಬರೆದರು. ಚೈತ್ರಾ ಸಹಿ ಹಾಕಿದಳು. ಮೊದಲ ಸಾಕ್ಷಿಯ ಸಾಲಿನಲ್ಲಿ ಹೂವಯ್ಯ ಬರೆದ. ಎರಡನೆಯ ಸಾಲು ಉಳಿಯಿತು. ಪಕ್ಕದ ಮನೆಯವರನ್ನು ಕರೆಯಲೇ ಎಂದು ಕೇಳುತ್ತ ಚೈತ್ರಾ ಬಾಗಿಲ ಕಡೆ ಹೊರಟಳು.

"ಅವರೆಂತಕ್ಕೆ," ಅಂದರು ಭಟ್ಟರು. ಪೆನ್ನಿಗಾಗಿ ಕೈ ಚಾಚಿದರು. "ನಮ್ಮ ಅಪ್ಪಯ್ಯನ ಪರವಾಗಿ ಟ್ರಿಬ್ಯೂನಲ್ಲಲ್ಲಿ ಮಾತಾಡೋಕೆ ಊರಿಂದ ಒಬ್ಬನೂ ಬರ್ಲಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ, ಇಲ್ಲಿ ನಡೆದದ್ದು ಇದು ಅಂತ ಹೇಳೋ ಜನ ಬೇಕಲ್ಲ."

ಅದು ಒಪ್ಪಿಗೆಯ ಮಾತೋ ಅಪನಂಬಿಕೆಯ ಮಾತೋ ಚೈತ್ರಾಳಿಗೆ ತಿಳಿಯಲಿಲ್ಲ. ಸಹಿ ಮಾತ್ರ ಸ್ಪಷ್ಟವಾಗಿ ಬಿತ್ತು, ತಾರೀಖಿನ ಸಮೇತ.

"ಎರಡು ಜೆರಾಕ್ಸ್ ತೆಗೆಸು," ಅಂದರು. "ಒಂದು ಆಸ್ಪತ್ರೆಗೆ. ಒಂದು ನಂಗೆ."

"ಮನೆ ನಂದು, ಕಾಗದ ನಿಮಗೆಂತಕ್ಕೆ?" ಎಂದರು ವೇದಾವತಿ.

"ಇರ್ಲಿ ಒಂದು."

ಶನಿವಾರ ಮಧ್ಯಾಹ್ನದ ಮೇಲೆ ಜೆರಾಕ್ಸ್ ಅಂಗಡಿ ತೆರೆದಿರುವುದು ಅನುಮಾನವಾಗಿತ್ತು. "ಬರ್ತೀಯಾ ಅಪ್ಪಯ್ಯ?" ಎಂದು ಚೈತ್ರಾ ಕೇಳಿದಳು. "ನೀ ಹೋಗ್ಬಾ," ಅಂದ ಹೂವಯ್ಯ. ಅಂಗಳಕ್ಕೆ ಮೆಟ್ಟಿಲು ಇಳಿಯುವಾಗ ಒಳಗಿನ ಮಾತು ಕೇಳುತ್ತಿತ್ತು. ಆ ಆರೆಕರೆಯಲ್ಲಿ ಆಗ ಯಾವ ಭತ್ತ ಹಾಕುತ್ತಿದ್ದಿರಿ ಎಂದು ಹೂವಯ್ಯ ಕೇಳುತ್ತಿದ್ದ. ಹಾಕುತ್ತಿದ್ದುದು ನಾವಲ್ಲ, ಆ ಗೇಣಿಯವನು, ಎಂದು ಭಟ್ಟರು ಹೇಳುತ್ತಿದ್ದರು. ದನಿಗಳು ಸ್ವಲ್ಪ ಏರಿದವು. ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತು ಕೇಳಿದಳು. ಜಗಳವೋ ಮಾತುಕತೆಯೋ ಅವಳಿಗೆ ಬಗೆಹರಿಯಲಿಲ್ಲ. ಕಾಗದವನ್ನು ಎದೆಗೊತ್ತಿಕೊಂಡು ಪೇಟೆಯ ಕಡೆ ಬೇಗ ಬೇಗ ನಡೆದಳು.