ಅಲೆಕ್ ಕಾಕಾನಿಗೆ ಇಟ್ಟ ಏಳು ಎಡೆ

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಕುಷಾಯಿಗೂಡದ ನಮ್ಮ ಓಣಿಯಲ್ಲಿ ಅಮರೇಶಪ್ಪನವರು ಎದುರಾದರೆ ನಮಸ್ಕಾರಕ್ಕೂ ಮೊದಲು ಅವರ ಬಾಯಿಂದ ಹೊರಡುವ ಮಾತು ಒಂದೇ: "ಸೋತ್ವಿರಿ." ಹಾಲಿನ ಪಾಕೀಟು ಹಿಡಿದು ನಿಂತವರಿಗೆ, ಇಸ್ತ್ರಿ ಅಂಗಡಿಯವನಿಗೆ, ಗೇಟಿನ ವಾಚ್‌ಮನ್ನಿಗೆ, ಕೇಳಿದವರಿಗೆ, ಕೇಳದವರಿಗೆ, ಕನ್ನಡಿಗರಿಗೆ ಕನ್ನಡದಲ್ಲಿ, ತೆಲುಗರಿಗೆ "ಓಡಿಪೋಯಾಂ" ಎಂದು, ಉಳಿದವರಿಗೆ "ಹಾರ್ ಗಯೇ" ಎಂದು, ಒಂದೇ ಪರಾಭವವನ್ನು ಮೂರು ಭಾಷೆಗಳಲ್ಲಿ ಹಂಚುತ್ತ ಅವರು ಓಣಿಯ ಕೊನೆಯವರೆಗೆ ಹೋಗಿ ಬರುತ್ತಾರೆ. ಮೆಹದಿಪಟ್ಟಣಂನಿಂದ ಆಗಷ್ಟೇ ಮನೆ ಬದಲಿಸಿ ಬಂದಿದ್ದ ನಾನು, ಊರಲ್ಲಿ ಇವರದೊಂದು ಹೊಲದ ವ್ಯಾಜ್ಯ ನಡೆದಿರಬೇಕು, ಪಾಪ, ಎಂದುಕೊಂಡು ಮೂರನೆಯ ಭಾನುವಾರ ಸಮಾಧಾನ ಹೇಳಲು ಹೋದೆ. "ವಕೀಲರನ್ನ ಬದಲಿ ಮಾಡಿ ನೋಡ್ರಿ" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ವಕೀಲರಲ್ರೀ, ಗೋಲ್‌ಕೀಪರ್‌ನ ಬದಲಿ ಮಾಡಬೇಕು" ಎಂದರು.

ಹೀಗೆ ನನಗೆ ಕಿಲ್‌ಬ್ರೇ ರೋವರ್ಸ್ ಎಂಬ ಫುಟ್‌ಬಾಲ್ ತಂಡದ ಪರಿಚಯವಾಯಿತು. ಸ್ಕಾಟ್ಲೆಂಡಿನ ಕಡಲಂಚಿನ ಒಂದು ಚಿಕ್ಕ ಊರಿನ ತಂಡ ಅದು. ಆ ದೇಶದ ಪಂದ್ಯಾವಳಿಯ ಶ್ರೇಣಿಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲಿ, ಅದರಲ್ಲೂ ಕೊನೆಯ ಎರಡು ಸ್ಥಾನಗಳಲ್ಲಿ ಅದರ ಕಾಯಂ ವಾಸ. ಲಿಂಗಸೂಗೂರು ಕಡೆಯ ಅಮರೇಶಪ್ಪನವರಿಗೂ ಅದಕ್ಕೂ ಏನು ಸಂಬಂಧವೆಂದರೆ, ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಂತ್ರಜ್ಞರಾಗಿದ್ದ ಅವರನ್ನು ಮೂವತ್ತೊಂದನೆಯ ವಯಸ್ಸಿನಲ್ಲಿ ಆರು ತಿಂಗಳ ತರಬೇತಿಗೆಂದು ಆ ಊರಿಗೆ ಕಳಿಸಿದ್ದರು. ಅಲ್ಲಿಯ ಕಾರ್ಖಾನೆಯ ಫೋರ್‌ಮನ್ ಅಲೆಕ್ ಮನ್ರೋ ಎಂಬ ಒಂಟಿ ಮನುಷ್ಯ ಅವರನ್ನು ತನ್ನ ಮನೆಯಲ್ಲಿಟ್ಟುಕೊಂಡ. ಮೊದಲ ಶನಿವಾರ ಚಳಿಗೆ ಹಲ್ಲು ಕಟಕಟಿಸುತ್ತಿದ್ದವರ ಮೈಮೇಲೆ ತನ್ನದೇ ಕಂದು ಬಣ್ಣದ ದಪ್ಪ ಕೋಟು ಹೊದಿಸಿ ಮೈದಾನಕ್ಕೆ ಕರೆದೊಯ್ದ. ಅಂದು ರೋವರ್ಸ್ ನಾಲ್ಕು ಗೋಲುಗಳಿಂದ ಸೋತಿತು. ಅಲೆಕ್ ಇವರ ಭುಜ ತಟ್ಟಿ, ಬರುವ ಶನಿವಾರವೂ ಬರೋಣ ಎಂದನಂತೆ. ಇವರು ಇನ್ನೂ ಹೋಗುತ್ತಲೇ ಇದ್ದಾರೆ.

ಈಗ ಅವರಿಗೆ ಅರವತ್ತೇಳು. ನಡಿಗೆ ನೋಡಿದರೇ ಗುರುತು ಹತ್ತುತ್ತದೆ: ದಾರಿಯಲ್ಲಿ ಒಂದು ಹರಳು ಕಂಡರೂ ಸಾಕು, ಎಡಗಾಲಿನ ಒಳಬದಿಯಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಾಣದ ಜೊತೆಗಾರನೊಬ್ಬನಿಗೆ ಒಪ್ಪಿಸಿ ಮುಂದೆ ಹೋಗುತ್ತಾರೆ. ಶನಿವಾರ ಸಂಜೆ, ಹೊರಗೆ ಹೈದರಾಬಾದಿನ ಬಿಸಿಲು ಇಳಿದು ಗೋಡೆಗಳು ಇನ್ನೂ ಕಾವು ಉಗುಳುತ್ತಿರುವ ಹೊತ್ತಿನಲ್ಲಿ, ಫ್ಯಾನನ್ನು ಐದಕ್ಕೆ ತಿರುಗಿಸಿ, ಅದೇ ಕಂದು ಕೋಟು ತೊಟ್ಟು, ಟೀವಿಯ ಮುಂದೆ ಬೆವರುತ್ತ ಕೂಡುತ್ತಾರೆ. ತಂಡದವರು ಇತ್ತೀಚಿನ ವರ್ಷಗಳಲ್ಲಿ ಪಂದ್ಯದ ನೇರ ಪ್ರಸಾರ ಮಾಡುತ್ತಾರೆ, ಆದರೆ ಅದು ಪರದೇಶದಲ್ಲಿರುವ ಅಭಿಮಾನಿಗಳಿಗೆ ಮಾತ್ರ; ಊರಲ್ಲಿರುವವರು ಮನೆಯಲ್ಲಿ ಕೂತುಬಿಟ್ಟರೆ ಮೈದಾನಕ್ಕೆ ಬರುವವರು ಯಾರು ಎಂಬ ಕಾರಣಕ್ಕೆ ಅವರಿಗೆ ಅದು ಸಿಗುವುದಿಲ್ಲ. ಈ ಸೌಭಾಗ್ಯವನ್ನು ಅಮರೇಶಪ್ಪನವರು ಒಂದು ಜವಾಬ್ದಾರಿಯೆಂದೇ ಭಾವಿಸಿದ್ದಾರೆ. ಒಂದು ಹಟ ಮಾತ್ರ ವಿಚಿತ್ರ: ಪೆನಾಲ್ಟಿ ಹೊಡೆತ ಬಂತೆಂದರೆ, ಅದು ತಮ್ಮವರದಾಗಲಿ ಎದುರಾಳಿಯದಾಗಲಿ, ಎದ್ದು ಟೀವಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಮೂವತ್ತಾರು ವರ್ಷಗಳಲ್ಲಿ ಒಂದೇ ಒಂದು ಪೆನಾಲ್ಟಿಯನ್ನು ಅವರು ಕಣ್ಣಾರೆ ನೋಡಿಲ್ಲ. ಏನಾಯಿತೆಂದು ಅಡುಗೆಮನೆಯ ಬಾಗಿಲಿನಿಂದ ಹೇಳುವುದು ಅವರ ಮಡದಿ ಸುಂದರಾಬಾಯಿಯವರ ಕೆಲಸ.

"ನಾ ರೊಟ್ಟಿ ಬಡಿಯೂದ ಬಿಟ್ಟ ಬಂದ ನೋಡಬೇಕ್ರಿ, ಇವರ ಗಂಡಸ್ತನಾ ಇಷ್ಟ" ಎಂದು ಆಕೆ ನನ್ನೆದುರೇ ಛೇಡಿಸುತ್ತಿದ್ದರು.

ಆ ಮನೆಗೆ ಮೊದಲ ಸಲ ಹೋದ ದಿನವೇ ನಾನು ಬೆಚ್ಚಿದ್ದೆ. ಟೀವಿಯ ಮೇಲಿನ ಗೋಡೆಯಲ್ಲಿ ಹಿರಿಯರ ಫೋಟೋಗಳ ಸಾಲು: ರುಮಾಲಿನ ತಂದೆ, ಸೆರಗು ಹೊದ್ದ ತಾಯಿ, ಅವರ ಪಕ್ಕದಲ್ಲಿ ಚಪ್ಪಟೆ ಟೋಪಿ, ಕೆಂಪು-ಬಿಳಿ ಪಟ್ಟಿಯ ಮಫ್ಲರು, ಅಗಲವಾದ ಕಿವಿಗಳ ಒಬ್ಬ ಬಿಳಿಯ ಮನುಷ್ಯ. ಮೂವರಿಗೂ ಒಂದೇ ಅಳತೆಯ ಗಂಧದ ಹಾರ, ಮೂವರ ಹಣೆಗೂ ವಿಭೂತಿ. ಯಾರಿವರು ಎಂದು ಕೇಳಿದೆ. "ನಮ್ಮ ಅಲೆಕ್ ಕಾಕಾ. ತೀರಿಕೊಂಡ್ರು" ಎಂದು ಅಮರೇಶಪ್ಪನವರು ಕಣ್ಣು ಕೆಳಗೆ ಮಾಡಿದರು. ಮಹಾನವಮಿ ಅಮಾವಾಸ್ಯೆಯ ದಿನ ತಂದೆ-ತಾಯಿಗಳ ಎಡೆಯ ಜೊತೆಗೆ ಆತನಿಗೂ ಒಂದು ಬಾಳೆಲೆ. ತೀರಿದವರಿಗೆ ಬದುಕಿದ್ದಾಗ ಇಷ್ಟವಾಗಿದ್ದುದನ್ನು ಬಡಿಸಬೇಕಲ್ಲವೇ? ತರಬೇತಿಯ ಕಾಲದಲ್ಲಿ ಇವರು ಅಲೆಕ್‌ನ ಅಡುಗೆಮನೆಯಲ್ಲಿ ಒಮ್ಮೆ ಮಿರ್ಚಿ ಭಜಿ ಕರಿದಿದ್ದರಂತೆ. ಆತ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಏಳು ತಿಂದು, ಅಂದಿನಿಂದ ಪ್ರತಿ ಶನಿವಾರ ಪಂದ್ಯಕ್ಕೆ ಮುಂಚೆ ಅದೇ ಬೇಕೆಂದು ಕೂತನಂತೆ. ಹಾಗಾಗಿ ಹೋಳಿಗೆಯ ಪಕ್ಕದಲ್ಲಿ ಮಿರ್ಚಿ. ಎಡೆ ಇಟ್ಟು, ಕೈ ಮುಗಿದು, ಅಮರೇಶಪ್ಪನವರು ಆ ವರ್ಷದ ಸೋಲು-ಗೆಲುವುಗಳ ಪಟ್ಟಿಯನ್ನು ಮೆಲುದನಿಯಲ್ಲಿ ಓದಿ ಹೇಳುತ್ತಾರೆ ಎಂದು ಸುಂದರಾಬಾಯಿ ತಿಳಿಸಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಲೆಕ್ ತೀರಿಕೊಂಡನೆಂದು ಇವರಿಗೆ ಹೇಳಿದವರು ಯಾರು? ಇದನ್ನು ನಾನು ಆಗ ಕೇಳಲಿಲ್ಲ, ಕೇಳಬೇಕಾಗಿತ್ತು. ಸುಮಾರು ಮೂವತ್ತು ವರ್ಷ, ಒಂದು ಸೋಮವಾರವೂ ತಪ್ಪದೆ, ಆತ ಇವರಿಗೆ ಪಂದ್ಯದ ವರದಿಯ ಪತ್ರ ಬರೆದಿದ್ದ: ಗಾಳಿ ಯಾವ ಕಡೆಗಿತ್ತು, ಯಾರು ಎಡವಿದರು, ರೆಫರಿಯ ಕಣ್ಣಿಗೆ ಎಂಥ ಪೊರೆ ಬಂದಿದೆ. ಒಂದು ಚಳಿಗಾಲ ಪತ್ರಗಳು ನಿಂತವು. ಇವರು ಬರೆದ ಎರಡು ಪತ್ರಗಳೂ ಒಡೆಯದೆ ಹಿಂದಿರುಗಿದವು. ತಂಡದ ಕಚೇರಿಗೆ ಒಂದು ಇಮೇಲ್ ಹಾಕಿದ್ದರೆ ಸಾಕಿತ್ತು, ಆದರೆ ಅದರಲ್ಲಿ ಏನೆಂದು ಕೇಳುವುದು? ಅಲೆಕ್ ಇದ್ದಾರೋ ಇಲ್ಲವೋ ಎಂದೇ? ಅಂಥ ಅಶುಭದ ಮಾತನ್ನು ತಮ್ಮ ಕೈಯಾರೆ ಬರೆಯಲು ಅಮರೇಶಪ್ಪನವರಿಗೆ ಮನಸ್ಸು ಬರಲಿಲ್ಲ. ಎಂಟು ತಿಂಗಳು ಕಾದರು. ಜೀವವಿದ್ದರೆ ಬರೆಯದೆ ಇರುವ ಮನುಷ್ಯನಲ್ಲ ಎಂದು ತಾವೇ ತೀರ್ಮಾನಿಸಿ, ಅಮಾವಾಸ್ಯೆ ಬಂದಾಗ ಮೂರನೆಯ ಎಲೆ ಹಾಸಿದರು. ಅಶುಭ ಕೇಳಲು ಅಂಜಿದವರು ಅಶುಭವನ್ನು ಮಾಡಿಯೇಬಿಟ್ಟರು ಎಂಬುದು ನಮಗಾರಿಗೂ ಹೊಳೆಯಲಿಲ್ಲ.

ಏಳನೆಯ ಎಡೆ ಇಟ್ಟು ಹತ್ತು ದಿನವಾಗಿತ್ತು. ದಸರೆ ಅಂದು ಶನಿವಾರವೇ ಬಂದಿತ್ತು. ಸಂಜೆ ಬನ್ನಿ ಕೊಡಲೆಂದು ನಾನು ಅವರ ಮನೆಗೆ ಹೋದಾಗ ಪಂದ್ಯ ಇನ್ನೇನು ಶುರುವಾಗುವುದರಲ್ಲಿತ್ತು. "ಬಂಗಾರದಂಗ ಇರೂಣ್ರಿ" ಎಂದು ಎಲೆ ಬದಲಿಸಿ, ಅಮರೇಶಪ್ಪನವರು ಇನ್ನುಳಿದ ಬನ್ನಿಯನ್ನು ಹಿರಿಯರ ಫೋಟೋಗಳಿಗೆ ಏರಿಸಲು ಸ್ಟೂಲಿನ ಮೇಲೆ ಹತ್ತಿದರು. ನಾನು ಸುಮ್ಮನೆ ಟೀವಿಯ ಕಡೆ ನೋಡಿದೆ. ಮೈದಾನದ ನಡುವಿಗೆ ಯಾರೋ ಒಂದು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬರುತ್ತಿದ್ದರು. ಕುರ್ಚಿಯಲ್ಲಿ ಕೆಂಪು-ಬಿಳಿ ಮಫ್ಲರಿನ ಒಬ್ಬ ಮುದುಕ, ತಲೆಯ ಮೇಲೆ ಚಪ್ಪಟೆ ಟೋಪಿ, ಅದರ ಎರಡೂ ಬದಿಗೆ ಆ ಅಗಲವಾದ ಕಿವಿಗಳು.

ಮೇಲೆ ಗೋಡೆಯಲ್ಲಿ ಹಾರ ಹಾಕಿಸಿಕೊಂಡ ಮುಖ, ಕೆಳಗೆ ಪರದೆಯಲ್ಲಿ ಕೈಬೀಸುತ್ತಿರುವ ಅದೇ ಮುಖ. ತೊಂಬತ್ತು ತುಂಬಿದ ನಮ್ಮ ಹಿರಿಯ ಅಭಿಮಾನಿ ಅಲೆಕ್ ಮನ್ರೋ ಅವರಿಗೆ ಶುಭಾಶಯ ಎಂದು ಮೈದಾನದ ಧ್ವನಿವರ್ಧಕ ಕೂಗಿತು. ಸ್ಟೂಲಿನ ಮೇಲಿದ್ದ ಅಮರೇಶಪ್ಪನವರು ತಿರುಗಿದರು. ಬನ್ನಿಯೆಲೆಗಳು ಕೈಯಿಂದ ಉದುರಿ ಟೀವಿಯ ಮೇಲೆ ಬಿದ್ದವು. ಅವರು ಹೇಗೆ ಕೆಳಗಿಳಿದರೋ ಕಾಣೆ, ಕೋಟಿನ ಸಮೇತ ನೆಲದ ಮೇಲೆ ಕುಸಿದು ಕೂತಿದ್ದರು. ಮೊದಲು ಚೇತರಿಸಿಕೊಂಡವರು ಸುಂದರಾಬಾಯಿ. "ಅಯ್ಯ ಶಿವನ!" ಎಂದು ಚೀರಿ, ಆ ವಯಸ್ಸಿನಲ್ಲೂ ಸರಸರನೆ ಸ್ಟೂಲು ಹತ್ತಿ, ಅಲೆಕ್ ಕಾಕಾನ ಹಾರ ಕಿತ್ತು, ಸೆರಗಿನಿಂದ ಹಣೆಯ ವಿಭೂತಿ ಒರೆಸಿ, ಫೋಟೋವನ್ನೇ ಇಳಿಸಿ ಎದೆಗವಚಿಕೊಂಡರು. ಗೋಡೆಯಲ್ಲಿ ಅದರ ಜಾಗ ಬೆಳ್ಳಗೆ ಉಳಿಯಿತು.

ಅಂದು ರೋವರ್ಸ್ ಗೆದ್ದಿತು. ಎರಡು ತಿಂಗಳ ಮೇಲೆ ಮೊದಲ ಗೆಲುವು. ಆದರೆ ಮರುದಿನ ಓಣಿಯಲ್ಲಿ ಯಾರಿಗೂ ಸುದ್ದಿ ಮುಟ್ಟಲಿಲ್ಲ. ಇಸ್ತ್ರಿ ಅಂಗಡಿಯವನು ನನ್ನನ್ನು ತಡೆದು, ಪೆದ್ದಾಯನಿಗೆ, ಅಂದರೆ ಹಿರಿಯರಿಗೆ, ಮೈ ಸರಿಯಿಲ್ಲವೇ ಎಂದು ವಿಚಾರಿಸಿದ. ನಾನು ಹೋಗಿ ನೋಡಿದರೆ ಅಮರೇಶಪ್ಪನವರು ಊಟ ಬಿಟ್ಟು ಕೂತಿದ್ದರು. ಬದುಕಿರುವ ಮನುಷ್ಯನಿಗೆ ಏಳು ವರ್ಷ ಸತ್ತವರ ಎಡೆ! ಆತ ಗಾಲಿಕುರ್ಚಿ ಹತ್ತಿದ್ದು ತಮ್ಮ ಎಡೆಯಿಂದಲೇ ಎಂಬ ಭಯ ಅವರನ್ನು ಹಿಡಿದುಬಿಟ್ಟಿತ್ತು. ತಂಡದ ಕಚೇರಿಗೆ ಈ ಸಲ ಇಮೇಲ್ ಹೋಯಿತು. ಅಲೆಕ್ ಊರಿನ ವೃದ್ಧಾಶ್ರಮದಲ್ಲಿದ್ದಾರೆ, ಬರುವ ಭಾನುವಾರ ವೀಡಿಯೊ ಕರೆ ಮಾಡಿ, ಬಹಳ ಸಂತೋಷಪಡುತ್ತಾರೆ ಎಂದು ಉತ್ತರವೂ ಬಂತು. ಆ ಒಂದು ವಾರ ಗಂಡ-ಹೆಂಡಿರ ನಡುವೆ ಒಂದೇ ತಕರಾರು.

"ಎಡಿ ಇಟ್ಟದ್ದ ಮಾತ್ರ ಹೇಳಬ್ಯಾಡ್ರಿ. ತೊಂಬತ್ತು ವರ್ಷದ ಜೀವ, ಎದಿ ಒಡದೀತು."

"ಹೇಳದ ಹೆಂಗ ಇರ್ಲೇ? ಮೂವತ್ತು ವರ್ಷ ಅವರು ನನಗ ಒಂದ ಸುಳ್ಳ ಬರದಿಲ್ಲ. ಸೋತದ್ದಕ್ಕ ಸೋತ್ವಿ ಅಂತನ ಬರದಾರ."

ಭಾನುವಾರ ಧೈರ್ಯಕ್ಕೆಂದು ನನ್ನನ್ನೂ ಕರೆದಿದ್ದರು. ಮೊಬೈಲನ್ನು ತಂಬಿಗೆಗೆ ಆನಿಸಿ ನಿಲ್ಲಿಸಿ, ಅಮರೇಶಪ್ಪನವರು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಅದರ ಮುಂದೆ ಎದ್ದು ನಿಂತರು. ಪರದೆಯಲ್ಲಿ ಆ ಮುಖ ಮೂಡಿತು. ಮೊದಲು ಆತನೇ ಹೇಳಿದ: ಪಾರ್ಶ್ವವಾಯು ಹೊಡೆದು ಬಲಗೈ ಹೋಯಿತು, ಮನೆ ಮಾರಿ ಇಲ್ಲಿಗೆ ಬಂದೆ, ಇನ್ನೊಬ್ಬರ ಕೈಯಲ್ಲಿ ನಿನಗೆ ಪತ್ರ ಬರೆಸಲು ನಾಚಿಕೆಯಾಯಿತು. ಅಮರೇಶಪ್ಪನವರು ತಲೆ ತಗ್ಗಿಸಿ, ತಮ್ಮ ಹಳೆಯ ಇಂಗ್ಲಿಷಿನಲ್ಲಿ, ಫೋಟೋ, ಹಾರ, ವಿಭೂತಿ, ಏಳು ಎಡೆ, ಒಂದನ್ನೂ ಬಿಡದೆ ಒಪ್ಪಿಸಿಬಿಟ್ಟರು. ಆ ಕಡೆಯ ಮುಖ ಪರದೆಯ ಹತ್ತಿರಕ್ಕೆ ಬಂತು. ಆಮೇಲೆ ಮುದುಕ ನಿಧಾನವಾಗಿ ಏನೋ ಕೇಳಿದ.

"ಏನಂದ್ರು? ಏನಂದ್ರು?" ಸುಂದರಾಬಾಯಿ ಗಂಡನ ತೋಳು ಜಗ್ಗಿದರು.

"ಎಡಿಯೊಳಗ ಏನೇನ್ ಇಟ್ಟಿದ್ರಿ ಅಂತ ಕೇಳಾಕತ್ಯಾರ."

ಸುಂದರಾಬಾಯಿ ತಾವೇ ಮುಂದೆ ಬಂದು, ಭಾಷೆಯ ಗೊಡವೆಯಿಲ್ಲದೆ, "ಹೋಳಿಗಿ, ಕಡಬು, ಪುಂಡಿಪಲ್ಯ, ಮಿರ್ಚಿ" ಎಂದರು. ಮಿರ್ಚಿಗೆ ಅನುವಾದ ಬೇಕಾಗಲಿಲ್ಲ. ಮುದುಕನ ಎಡಗೈ ಮೇಲೆದ್ದಿತು. ಇಲ್ಲಿ ಉಪ್ಪು ಸಹ ಹಾಕುವುದಿಲ್ಲ, ಏಳು ವರ್ಷ ನನ್ನ ಮಿರ್ಚಿ ಯಾರು ತಿಂದರು ಎಂದು ಜಗಳಕ್ಕೇ ನಿಂತ. ನಾವು ನಕ್ಕೆವು. ಉಸಿರು ಬಂದ ಅಮರೇಶಪ್ಪನವರು, ನನ್ನ ಪತ್ರವೂ ಬರಲಿಲ್ಲವಲ್ಲ, ನೀವು ನನ್ನ ಬಗ್ಗೆ ಏನೆಂದುಕೊಂಡಿರಿ ಎಂದು ಕೇಳಿದರು. ಆತ ಒಂದು ಕ್ಷಣವೂ ತಡೆಯದೆ ಉತ್ತರಿಸಿದ. ಅಮರೇಶಪ್ಪನವರ ಮುಖ ಬಿಳಿಚಿತು. ಕುರ್ಚಿಗಾಗಿ ಹಿಂದೆ ತಡಕಾಡಿ ಕೂತರು.

"ಏನಂದ್ರು ಮತ್ತ?"

"ನಾ ಕ್ರಿಕೆಟ್ ಕಡೆ ಹ್ವಾದೆ ಅಂತ ತಿಳಕೊಂಡಿದ್ರಂತ." ಅವರ ದನಿ ಒಡೆದಿತ್ತು. "ಸತ್ತಾನ ಅಂತ ತಿಳದಿದ್ರರ ಚೊಲೊ ಇತ್ತಲ್ಲ ಕಾಕಾ. ರೋವರ್ಸ್ ಬಿಟ್ಟೆ ಅಂತ ಹೆಂಗ ತಿಳದಿ?"

ತಾವು ಆತನನ್ನು ಸಾಯಿಸಿದ್ದನ್ನು ಮರೆತು, ಆತ ತಮ್ಮನ್ನು ಪಕ್ಷಾಂತರಿ ಎಂದುಕೊಂಡದ್ದಕ್ಕೆ ಆ ಮನುಷ್ಯ ಅತ್ತುಬಿಟ್ಟರು. ಇಂಥ ದುಃಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕನ್ನಡ ತಿಳಿಯದ ಮುದುಕನಿಗೆ ಅಳು ತಿಳಿಯಿತು. ಆತ ತಗ್ಗಿದ ದನಿಯಲ್ಲಿ ತನ್ನದನ್ನು ಹೇಳಿಕೊಂಡ: ಹುಟ್ಟುಹಬ್ಬಕ್ಕೆಂದು ಆ ಒಂದು ದಿನ, ಆಟ ಶುರುವಾಗುವವರೆಗೆ ಮಾತ್ರ ಮೈದಾನಕ್ಕೆ ಒಯ್ದಿದ್ದರು, ಏಳು ವರ್ಷಗಳಿಂದ ಒಂದು ಪಂದ್ಯವನ್ನೂ ಪೂರ್ತಿ ನೋಡಿಲ್ಲ. ಮೈದಾನ ಇಲ್ಲಿಂದ ಒಂದೂವರೆ ಮೈಲಿ, ಗೋಲಾದರೆ ಗಾಳಿಯಲ್ಲಿ ಕೂಗು ಕೇಳುತ್ತದೆ, ಯಾರದೆಂದು ತಿಳಿಯುವುದಿಲ್ಲ. ಪ್ರಸಾರ ಊರವರಿಗೆ ಇಲ್ಲವಲ್ಲ.

ಅಮರೇಶಪ್ಪನವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಈಗ ಶನಿವಾರ ಸಂಜೆ ಅವರ ಒಂದು ಕಣ್ಣು ಟೀವಿಯ ಮೇಲೆ, ಕಿವಿಗೆ ಫೋನು. ಮೈದಾನದಿಂದ ಒಂದೂವರೆ ಮೈಲಿ ದೂರದಲ್ಲಿರುವವನಿಗೆ ಕುಷಾಯಿಗೂಡದಿಂದ ಪಂದ್ಯದ ವರದಿ: ಗಾಳಿ ಯಾವ ಕಡೆಗಿದೆ, ಯಾರು ಎಡವಿದರು. ಮೊನ್ನೆ ನಾನೂ ಅಲ್ಲಿದ್ದೆ. ಕೊನೆಯ ನಿಮಿಷ, ಸಮಸಮ, ರೋವರ್ಸ್‌ಗೆ ಒಂದು ಪೆನಾಲ್ಟಿ ಸಿಕ್ಕಿತು. ಅಮರೇಶಪ್ಪನವರು ರೂಢಿಯಂತೆ ಎದ್ದು ಬೆನ್ನು ತಿರುಗಿಸಿದರು. ಸುಂದರಾಬಾಯಿ ಬೇಕೆಂದೇ ಅಡುಗೆಮನೆಯಿಂದ ಬರಲಿಲ್ಲ. ಫೋನಿನಲ್ಲಿ ಮುದುಕನ ದನಿ ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇತ್ತು. ಮೂವತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಅಮರೇಶಪ್ಪನವರು ತಿರುಗಿ ನಿಂತು, ರೆಪ್ಪೆ ಬಡಿಯದೆ ನೋಡಿದರು. ಚೆಂಡು ಕಂಬದ ಹೊರಗೆ ಹೋಯಿತು. "ಹೊರಗ ಹೋತು, ಕಾಕಾ" ಎಂದು ಕನ್ನಡದಲ್ಲೇ ಹೇಳಿದರು. ಎರಡೂ ಕಡೆಯಿಂದ ಒಂದೇ ನಿಟ್ಟುಸಿರು ಬಂತು. ಅದಾದ ಕ್ಷಣದಲ್ಲೇ ಎದುರಾಳಿಗಳು ಗೋಲು ಹೊಡೆದರು. ಮರುದಿನ ಓಣಿಗೆಲ್ಲ ಸುದ್ದಿ ಮುಟ್ಟಿತು.

ದೂರದಿಂದ ಪ್ರೀತಿಸುವವರ ಕುಲವೇ ಹೀಗೆಂದು ತೋರುತ್ತದೆ. ಹತ್ತಿರದವರು ಹೋಗಿ ಕದ ತಟ್ಟಿ ನಿಜ ತಿಳಿದುಕೊಂಡು ಬರುತ್ತಾರೆ. ದೂರದವರು ವರ್ಷಗಟ್ಟಲೆ ಎಲೆ ಹಾಸುತ್ತಾರೆ, ಬೆವರುತ್ತ ಕೋಟು ತೊಡುತ್ತಾರೆ, ಸೋತ ತಂಡವನ್ನು ನಾವು ಎನ್ನುತ್ತಾರೆ. ಆದರೆ ಎಲ್ಲವೂ ತೀರ್ಮಾನವಾಗುವ ಆ ಒಂದು ಗಳಿಗೆಯಲ್ಲಿ, ಇಲ್ಲವೆಂಬ ಉತ್ತರ ಬಂದೀತೆಂಬ ಭಯಕ್ಕೆ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ತಮಗಾಗಿ ಅವರು ಎಂದೂ ತಿರುಗಿ ನೋಡುವವರಲ್ಲ. ಆ ಕಡೆಯಿಂದ ಯಾರಾದರೂ ಏನಾಯಿತು ಹೇಳು ಎಂದು ಕೇಳುತ್ತ ಕಾದಿದ್ದರೆ ಮಾತ್ರ ನೋಡುತ್ತಾರೆ.