ಸೂಜಿ ಕಂಪನಿಗೆ ನಮ್ಮ ಬಹಿಷ್ಕಾರ

ನಮ್ಮ ಸೂಜಿ ಕಂಪನಿಯ ಒಂದು ಷೇರಿಗೆ ಹಿಂದೆ ಒಂದು ಲೋಟ ಕಾಫಿ ಬರುತ್ತಿತ್ತು. ನಾನು ಹೇಳುತ್ತಿರುವ ಆ ಬುಧವಾರದ ಹೊತ್ತಿಗೆ ಅರ್ಧ ಬೆಂಕಿಪೊಟ್ಟಣವೂ ಬರುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಸೂಜಿ ಮಾಡುವ ಕಂಪನಿ ಅದು. ಮೂವತ್ತು ವರ್ಷ ಮನೆಯ ಬಟ್ಟೆಗಳನ್ನೆಲ್ಲ ಅವರ ಸೂಜಿಯಲ್ಲೇ ಹೊಲಿದಿದ್ದೆ, ಕೈಕೊಟ್ಟಿರಲಿಲ್ಲ. ಷೇರು ಕೊಳ್ಳಲು ನನಗೆ ಅಷ್ಟು ಸಾಕಾಗಿತ್ತು. ನನ್ನ ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. "ಅತ್ತೆ, ಹೀಗೂ ಯಾರಾದರೂ ಷೇರು ಆರಿಸ್ತಾರಾ?" ಎಂದು ನಕ್ಕಿದ್ದಳು.

ಆ ಷೇರು ಹಿಡಿದುಕೊಂಡು ಕೂತ ಸಣ್ಣಪುಟ್ಟವರದೆಲ್ಲ ಒಂದು ಆನ್‌ಲೈನ್ ಗುಂಪಿತ್ತು. ಸುಮಾರು ನಾನೂರು ಜನ, ಎಲ್ಲರಿಗೂ ಅಡ್ಡಹೆಸರು. ನಾನು 'ಕನ್ನಡಕ'. ಸಲೂನ್ ಇಟ್ಟುಕೊಂಡ ಒಬ್ಬರು 'ರಾಕೆಟ್'; ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಲೇ "ಇವತ್ತು ಹಾರುತ್ತೆ" ಎಂದು ಬರೆಯುವುದು ಅವರ ನಿತ್ಯಕರ್ಮ. ಬಸ್ ಓಡಿಸುವ ಒಬ್ಬರು 'ಬ್ರೇಕ್'.

"ಏನಣ್ಣ ರಾಕೆಟ್, ಬತ್ತಿ ಒದ್ದೆ ಆಗಿದ್ಯಾ? ಎರಡು ವರ್ಷದಿಂದ ಹಚ್ತಾನೇ ಇದೀಯಲ್ಲ!"

"ನಿನ್ನ ಬಸ್ಸಿಗಿಂತ ಬೇಗ ಹೊರಡುತ್ತೆ, ತಾಳಪ್ಪ."

ದಿನಾ ಇದೇ ಕಥೆ. ಇವರಿಬ್ಬರ ಜಗಳ ಓದದಿದ್ದರೆ ನನಗೆ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ.

ನಮ್ಮಲ್ಲಿ ಒಬ್ಬಾಕೆ ಮಾತ್ರ ಆ ಕಾರ್ಖಾನೆಯವಳೇ. ಹದಿನೇಳು ವರ್ಷದಿಂದ ಲಕೋಟೆಗೆ ಹತ್ತರಂತೆ ಸೂಜಿ ತುಂಬುತ್ತಿದ್ದಳು. ಅವಳನ್ನು ಎಲ್ಲರೂ 'ಪ್ಯಾಕಿಂಗ್ ಅಕ್ಕ' ಎನ್ನುತ್ತಿದ್ದೆವು. ಷೇರು ಬಿದ್ದು ಯಾರಾದರೂ ಗೋಳು ತೋಡಿಕೊಂಡರೆ, "ಇವತ್ತು ಹದಿನೆಂಟು ಪೆಟ್ಟಿಗೆ ಲಾರಿಗೆ ಹತ್ತಿಸಿದ್ವಿ. ಮೊದಲು ಊಟ ಮಾಡಿ" ಎಂದು ಬರೆಯುತ್ತಿದ್ದಳು. ಕೆಲಸ ಮಾಡಿ ದಣಿದವಳು ನಮಗೆ ಸಮಾಧಾನ ಹೇಳುತ್ತಿದ್ದಳು.

ಆ ತಿಂಗಳು ಕಂಪನಿಯವರು ಒಂದು ನೋಟಿಸು ಕಳಿಸಿದರು. ಕಾರ್ಖಾನೆ ಮುಚ್ಚಿ, ಜಾಗವನ್ನು ಯಜಮಾನರ ಷಡ್ಡಕನಿಗೇ ಅಗ್ಗಕ್ಕೆ ಮಾರುವುದಂತೆ. ಮಾರಾಟ ಮನೆಯವರ ನಡುವೆಯೇ ಆದ್ದರಿಂದ ಯಜಮಾನರ ಕುಟುಂಬ ವೋಟು ಹಾಕುವಂತಿಲ್ಲ. ಉಳಿದ ಷೇರುದಾರರು ಆನ್‌ಲೈನಿನಲ್ಲಿ ಹಾಕಬೇಕು. ಮಾರಾಟವಾದರೆ ಪ್ಯಾಕಿಂಗ್ ಅಕ್ಕನೂ ಅವಳ ಜತೆಯ ಇನ್ನೂರು ಜನವೂ ಮನೆಗೆ.

ಬ್ರೇಕ್ ಕೆಂಡವಾದರು. "ಈ ನಾಟಕಕ್ಕೆ ನಾವು ಸೊಪ್ಪು ಹಾಕೋದು ಬೇಡ. ಒಬ್ಬರೂ ವೋಟು ಹಾಕಬೇಡಿ. ಬಹಿಷ್ಕಾರ!" ಒಂದೇ ಗಂಟೆಯಲ್ಲಿ ಗುಂಪಿನ ತುಂಬ ಬೀಗದ ಚಿತ್ರಗಳು. ನಾನೂ ಒಂದು ಬೀಗ ಹಾಕಿದೆ. ಪ್ಯಾಕಿಂಗ್ ಅಕ್ಕ, "ನನಗೋಸ್ಕರ ಇಷ್ಟು ಜನ ಒಂದಾದ್ರಲ್ಲ, ಹೊಟ್ಟೆ ತಣ್ಣಗಾಯ್ತು" ಎಂದು ಬರೆದಳು.

ವೋಟಿನ ಕೊನೆಯ ದಿನವೇ ಆ ಬುಧವಾರ. ಸುಮ್ಮನೆ ಕೂರಲಾರದೆ ನೋಟಿಸು ಓದಲು ಹಿಡಿದೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಮೊದಲಿನಿಂದ ಓದಿದರೆ ಮನಸ್ಸು ಕಥೆಯ ಹಿಂದೆ ಹೋಗಿ ಕಣ್ಣು ತಪ್ಪುತ್ತದೆ ಎಂದು ನಾವು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಿದ್ದೆವು. ಆ ಚಾಳಿ ಹೋಗಿಲ್ಲ. ಹಾಗಾಗಿ ಮೂವತ್ತೆರಡನೇ ಪುಟದ ತಳದ ಇರುವೆಯಂಥ ಅಕ್ಷರಗಳು ಮೊದಲೇ ಸಿಕ್ಕವು: ಚಲಾಯಿಸಿದ ಮತಗಳಲ್ಲಿ ಮುಕ್ಕಾಲು ಭಾಗ ಒಪ್ಪಿಗೆಯಾದರೆ ಮಾರಾಟ ಊರ್ಜಿತ. ಚಲಾಯಿಸದ ಮತಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೇಡ ಎನ್ನುವವರು ಬೀಗ ಹಾಕಿಕೊಂಡು ಕೂತರೆ ಪೆಟ್ಟಿಗೆಯಲ್ಲಿ ಬೀಳುವುದೆಲ್ಲ ಯಜಮಾನರ ಗೆಳೆಯರ 'ಒಪ್ಪಿಗೆ'ಯೇ! ನಮ್ಮ ಮೌನ ಅವರಿಗೆ ಹಾಸಿಗೆ ಹಾಸಿಕೊಟ್ಟಿತ್ತು. ಆಗ ಗಂಟೆ ಹನ್ನೆರಡೂವರೆ. ಐದಕ್ಕೆ ವೋಟು ಮುಗಿಯುತ್ತಿತ್ತು.

ಪುಟದ ಫೋಟೋ ಹಾಕಿ, ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಅರ್ಥವನ್ನೂ ಬರೆದೆ.

"ಕನ್ನಡಕಮ್ಮ," ಬ್ರೇಕ್ ಬರೆದರು, "ಅಂದ್ರೆ ನಾನೇ ಎಲ್ಲರನ್ನೂ ಕೂರಿಸ್ಕೊಂಡು ಹೋಗಿ ಹಳ್ಳಕ್ಕೆ ಇಳಿಸಿದ್ನಾ?"

"ಇನ್ನೂ ಇಳಿದಿಲ್ಲ. ರಿವರ್ಸ್ ಹಾಕಿ."

ಈಗ ಬ್ರೇಕ್ ಅವರನ್ನು ರಾಕೆಟ್ ಹರಿದು ತಿನ್ನುತ್ತಾರೆ ಅಂದುಕೊಂಡೆ. ಅವರು ಬರೆದದ್ದು ಇಷ್ಟೇ: "ಬೀಗ ನಾನೂ ಹಾಕಿದ್ದೆ ಮಾರಾಯ. ಅಳೋದು ಐದು ಗಂಟೆ ಮೇಲೆ ಇಟ್ಕೋ. ಈಗ ಫೋನ್ ಮಾಡು."

ಆಮೇಲೆ ನಡೆದದ್ದನ್ನು ನೋಡಬೇಕಿತ್ತು! ಬ್ರೇಕ್ ಡಿಪೋದ ಬೆಂಚಿನಲ್ಲಿ ಕೂತು, ಊಟದ ಡಬ್ಬಿ ಬಿಚ್ಚದೆ, ಒಬ್ಬೊಬ್ಬರಿಗೂ ಫೋನ್ ಮಾಡಿ "ನನ್ನದೇ ತಪ್ಪು, ದಯವಿಟ್ಟು ವೋಟು ಹಾಕಿ" ಎಂದರು. ರಾಕೆಟ್ ಒಬ್ಬ ಗಿರಾಕಿಯ ಅರ್ಧ ಗಡ್ಡ ಹೆರೆದು ನಿಲ್ಲಿಸಿ, ಪಾಸ್‌ವರ್ಡ್ ಮರೆತವರಿಗೆ ದಾರಿ ಹೇಳತೊಡಗಿದರು. ಆ ಗಿರಾಕಿ ಬೈಯಲಿಲ್ಲವಂತೆ. ಕೆನ್ನೆಯ ನೊರೆ ಒಣಗುತ್ತಿದ್ದರೂ, "ನನ್ನ ಗಡ್ಡ ಎಲ್ಲೂ ಓಡಿಹೋಗಲ್ಲ" ಎಂದು ಪೇಪರು ಓದುತ್ತ ಕೂತರಂತೆ. ಆ ಪುಣ್ಯಾತ್ಮ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ಯಾಕಿಂಗ್ ಅಕ್ಕನಿಂದ ಸುದ್ದಿಯಿಲ್ಲ. ಪಾಳಿಯಲ್ಲಿ ಫೋನು ಮುಟ್ಟುವಂತಿರಲಿಲ್ಲ. ತನ್ನ ಅನ್ನ ಇಲ್ಲಿ ತೂಗಾಡುತ್ತಿರುವುದು ತಿಳಿಯದೆ ಹತ್ತು ಹತ್ತು ಸೂಜಿ ಎಣಿಸುತ್ತಿದ್ದಳು.

ಎಲ್ಲರನ್ನೂ ಎಬ್ಬಿಸಿದ ನಾನೇ ನಾಲ್ಕೂ ನಲವತ್ತಕ್ಕೆ ಸಿಕ್ಕಿಬಿದ್ದೆ. ವೋಟಿಗೆ ಬೇಕಾದ ಒಟಿಪಿ ಸೊಸೆಯ ಫೋನಿಗೆ ಹೋಗುತ್ತಿತ್ತು. ಖಾತೆ ತೆರೆದುಕೊಟ್ಟವಳು ಅವಳು. ಅವಳು ಮೀಟಿಂಗಿನಲ್ಲಿದ್ದಳು. ಮೂರನೇ ಸಲ ಎತ್ತಿದಳು.

"ಏನಾಯ್ತು ಅತ್ತೆ? ಮೈಗೆ ಹುಷಾರಿಲ್ವಾ?"

"ಮೈಗೇನೂ ಆಗಿಲ್ಲ ಕಣೇ, ಸೂಜಿ ಕಂಪನಿಗೆ ಆಗಿದೆ. ಒಟಿಪಿ ಹೇಳು."

ನಗುತ್ತಾಳೆ ಎಂದುಕೊಂಡೆ. ಕುರ್ಚಿ ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು ಕೇಳಿತು. "ಬರ್ಕೊಳ್ಳಿ," ಎಂದು ಆರು ಅಂಕಿಗಳನ್ನೂ ಬಿಡಿಬಿಡಿಯಾಗಿ ಹೇಳಿದಳು. "ನಿಧಾನವಾಗಿ ಒತ್ತಿ ಅತ್ತೆ, ಹೊತ್ತಿದೆ. ನಾನು ಇಲ್ಲೇ ಇರ್ತೀನಿ." 'ಬೇಡ' ಎಂಬಲ್ಲಿ ಒತ್ತಿದೆ. ಹಸಿರು ಗುರುತು ಬಂದ ಮೇಲೇ ಅವಳು ಫೋನಿಟ್ಟದ್ದು.

ಫಲಿತಾಂಶ ಶುಕ್ರವಾರ ಮಧ್ಯಾಹ್ನ ಬಂತು. ನೂರಕ್ಕೆ ಐವತ್ತೊಂಬತ್ತು 'ಒಪ್ಪಿಗೆ', ನಲವತ್ತೊಂದು 'ಬೇಡ'. ಇಪ್ಪತ್ತಾರು ಇದ್ದರೆ ಸಾಕಿತ್ತು ನಮಗೆ! ಮಾರಾಟ ಬಿದ್ದುಹೋಯಿತು. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ.

"ಕನ್ನಡಕಮ್ಮನಿಗೆ ನನ್ನ ಬಸ್ಸಲ್ಲಿ ಮುಂದಿನ ಸೀಟು, ಜೀವಮಾನವಿಡೀ!" ಎಂದು ಬ್ರೇಕ್ ಬರೆದರು.

"ಬೇಡಮ್ಮ, ಮತ್ತೆ ಹಳ್ಳಕ್ಕೆ ಇಳಿಸ್ತಾನೆ," ಎಂದರು ರಾಕೆಟ್.

ಷೇರಿನ ಬೆಲೆ ಅಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಯಾರೂ ಕೇಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಪ್ಯಾಕಿಂಗ್ ಅಕ್ಕ ಬಂದಳು. "ಗೇಟಿನ ಹತ್ತಿರ ನಿಂತಿದೀನಿ. ಇನ್ನೂರು ಜನಕ್ಕೂ ಓದಿ ಹೇಳ್ದೆ. ಒಬ್ಬೊಬ್ಬರೂ ನನ್ನ ಫೋನ್ ಇಸ್ಕೊಂಡು ತಾವೇ ಇನ್ನೊಂದು ಸಲ ಓದ್ತಿದಾರೆ, ಬ್ಯಾಟರಿ ಮುಗೀತಾ ಬಂತು." ಮರುಕ್ಷಣ ಇನ್ನೊಂದು ಸಾಲು: "ಸೈರನ್ ಆಯ್ತು. ಎರಡನೇ ಪಾಳಿಗೆ ಒಳಗೆ ಹೋಗ್ತಿದೀವಿ."