ರೋಗಿ ನಿರಾಕರಿಸಿದರು

ನನ್ನ ಡಿಗ್ರಿಯ ಅಂಕ ನಾಲ್ಕಕ್ಕೆ ಎರಡು ಪಾಯಿಂಟ್ ಏಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಡಿಕಲ್ ಕಾಲೇಜಿನವರು ಮೊದಲು ನೋಡುವುದು ಅದನ್ನೇ, ಬಹಳ ಜನ ಅದರಾಚೆ ನೋಡುವುದೂ ಇಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದೆ. ಇಪ್ಪತ್ತನಾಲ್ಕಕ್ಕೆ ಅದನ್ನೇ ಮತ್ತೆ ಓದಿ ‘ಎ’ ತೆಗೆದೆ. ಹೊಸದು ಬಂದರೆ ಹಳೆಯದು ಅಳಿಸಿಹೋಗುತ್ತದೆ ಅಂದುಕೊಂಡಿದ್ದೆ, ದಡ್ಡಿ. ಎರಡನ್ನೂ ಕೂಡಿಸಿ ಭಾಗಿಸುತ್ತಾರೆ. ಪುಣ್ಯದ ಕಾಲಿಗೆ ಪಾಪವನ್ನು ಕಟ್ಟಿಯೇ ತೂಗುವ ಈ ಪದ್ಧತಿ ಕಂಡುಹಿಡಿದವನಿಗೆ ನನ್ನ ಶಾಪವಿದೆ.

ಹಿಂದಿನ ವರ್ಷ ಮೂವತ್ತೊಂದು ಕಾಲೇಜು ಬೇಡ ಅಂದಿದ್ದವು. ಈ ವರ್ಷವೂ ಅರ್ಜಿ ಹಾಕುತ್ತೇನೆ ಅಂದಾಗ, ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ನನ್ನಮ್ಮ ಎಲೆಕೋಸು ಹೆಚ್ಚುತ್ತಲೇ ಕೇಳಿದಳು:

“ಮೂವತ್ತೊಂದು ಜನ ಬೇಡ ಅಂದ್ರಲ್ಲೇ ತೆರೇಸಾ, ಮೂವತ್ತೆರಡನೆಯವನಿಗೆ ತಲೆ ಕೆಟ್ಟಿರುತ್ತಾ?”

“ಕೆಟ್ಟಿರ್ಲಿ ಅಂತ್ಲೇ ನನ್ನಾಸೆ ಕಣಮ್ಮಾ.”

“ಇನ್ನೂ ಎಷ್ಟು ವರ್ಷ?”

“ಇದೇ ಕೊನೆ,” ಅಂದೆ. ನಿಜವಾಗಿಯೂ ಇದೇ ಕೊನೆಯಾಗಿತ್ತು. ನನ್ನಲ್ಲಿ ಇನ್ನೊಂದು ಸಲದ ಶಕ್ತಿ ಇರಲಿಲ್ಲ.

ಈ ಸಲ ನನ್ನ ಹತ್ತಿರ ಡಾಕ್ಟರ್ ಪ್ರೂಯಿಟ್ ಇದ್ದರು. ಓಹಿಯೋ ನದಿ ದಡದ ನಮ್ಮೂರ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಅವರ ಸ್ಕ್ರೈಬ್. ಕಂಪ್ಯೂಟರ್ ಗಾಡಿ ತಳ್ಳಿಕೊಂಡು ಅವರ ಬೆನ್ನಿಗೇ ನಡೆಯುವುದು, ಅವರು ರೋಗಿಯನ್ನು ನೋಡುತ್ತ ಹೇಳಿದ್ದನ್ನೆಲ್ಲ ಟೈಪ್ ಮಾಡುವುದು. ಸ್ಕ್ರೈಬಿಗೆ ಅಭಿಪ್ರಾಯ ಇರಬಾರದು. ಪ್ರತಿ ದಾಖಲೆಯ ಕೊನೆಗೆ ‘ವೈದ್ಯರ ಎದುರಿನಲ್ಲೇ, ಅವರು ಹೇಳಿದಂತೆಯೇ ಬರೆದಿದ್ದೇನೆ’ ಎಂಬ ಸಾಲು, ಅದರ ಕೆಳಗೆ ನನ್ನ ಹೆಸರು. ಪ್ರೂಯಿಟ್ ನಮ್ಮ ರಾಜ್ಯದ ಒಂದು ಮೆಡಿಕಲ್ ಕಾಲೇಜಿನ ಪ್ರವೇಶ ಸಮಿತಿಯಲ್ಲಿ ಒಂಬತ್ತು ವರ್ಷ ಕೂತವರು. ಅವರ ಶಿಫಾರಸು ಪತ್ರ ಇದ್ದರೆ ಎರಡು ಪಾಯಿಂಟ್ ಏಳರ ಅರ್ಜಿಯನ್ನೂ ಒಮ್ಮೆ ತೆಗೆದು ಓದುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಪತ್ರವನ್ನು ನಾನು ಓದುವಂತಿಲ್ಲ. ಓದುವ ಹಕ್ಕು ಬಿಟ್ಟಿದ್ದೇನೆಂದು ಮೊದಲೇ ಸಹಿ ಹಾಕಿದ್ದೆ. ಹಾಗೆ ಹಾಕದವರ ಪತ್ರಕ್ಕೆ ಬೆಲೆಯಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಹತ್ತೂವರೆಗೆ ಓಪಲ್ ರೆಕ್ನರ್ ಎಂಬ ಅರವತ್ತೆರಡರ ಹೆಂಗಸು ಬಂದರು. ದವಡೆ ನೋವು, ಬೆನ್ನೂ ಹಿಡಿದಂತಿದೆ ಅಂದರು. ಪ್ರೂಯಿಟ್ ಬಾಯಿ ತೆರೆಸಿ ನೋಡಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂದರು. ನಾಲ್ಕು ನಿಮಿಷ. ನಾನು ಟೈಪ್ ಮಾಡಿದೆ. ಆಕೆ ನನಗೂ ಥ್ಯಾಂಕ್ಸ್ ಹೇಳಿ ಹೋದರು. ಸಂಜೆ ನಾಲ್ಕಕ್ಕೆ ಆಂಬ್ಯುಲೆನ್ಸ್ ಆಕೆಯನ್ನು ವಾಪಸು ತಂದಾಗ ಎದೆಬಡಿತ ನಿಂತು ಬಹಳ ಹೊತ್ತಾಗಿತ್ತು. ದವಡೆಯ ನೋವು ಹಲ್ಲಿನದಲ್ಲ, ಹೃದಯದ್ದಾಗಿತ್ತು.

ಪ್ರೂಯಿಟ್ ನನ್ನನ್ನು ಪರದೆಯ ಹಿಂದೆ ಕರೆದರು. ಕೈಯಲ್ಲಿ ಎರಡು ಲೋಟ ಕಾಫಿ, ಒಂದು ನನಗೆ. ಎರಡು ವರ್ಷದಲ್ಲಿ ಅವರು ನನಗೆ ಕಾಫಿ ತಂದದ್ದು ಅದೇ ಮೊದಲು.

“ಬೆಳಿಗ್ಗೆಯ ನೋಟಿನಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಸೇರಿಸಿಬಿಡು. ‘ಇಸಿಜಿ ಮಾಡಿಸಲು ಸೂಚಿಸಲಾಯಿತು, ರೋಗಿ ನಿರಾಕರಿಸಿದರು.’”

“ಡಾಕ್ಟ್ರೇ, ನೀವು ಹಾಗೆ...”

“ಹೇಳಿದ್ದೆ. ನಿನಗೆ ಕೇಳಿಸಿಲ್ಲ.” ದನಿ ಏರಲೇ ಇಲ್ಲ. “ಅಂದಹಾಗೆ, ನಿನ್ನ ಪತ್ರ ಇವತ್ತೇ ಕಳಿಸ್ಬೇಕು ಅಂತಿದ್ದೆ. ಕೂತ್ಕೋ.”

ಕೂತೆ, ಟೈಪ್ ಮಾಡಿದೆ. ‘ಅವರು ಹೇಳಿದಂತೆಯೇ ಬರೆದಿದ್ದೇನೆ.’ ಸುಳ್ಳೇನಲ್ಲವಲ್ಲ, ಅವರು ಹೇಳಿದ್ದರು, ನಾನು ಬರೆದಿದ್ದೆ. ಆ ಸಾಲಿನ ಸಂದಿಯಲ್ಲಿ ನುಸುಳಿ ಹೇಗೋ ಮನೆ ಸೇರಿದೆ. ಅಮ್ಮ ಬಡಿಸಿದ ಎಲೆಕೋಸಿನ ಸುರುಳಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನದಿಂದ ಪ್ರೂಯಿಟ್ ನನ್ನನ್ನು ಮನೆತನದ ಹೆಸರು ಹಿಡಿದು ‘ಡಾಕ್ಟರ್ ಹುಡಾಕ್’ ಎಂದು ಕರೆಯತೊಡಗಿದರು. ನರ್ಸುಗಳು ನಗುತ್ತಿದ್ದರು. ನನಗೆ ಪ್ರತಿ ಸಲವೂ ಯಾರೋ ಕತ್ತಿನ ಹಿಂದೆ ಕೈಯಿಟ್ಟಂತಾಗುತ್ತಿತ್ತು.

ನವೆಂಬರಿನಲ್ಲಿ ಸಂದರ್ಶನಕ್ಕೆ ಕರೆ ಬಂತು. ಬೆಳ್ಳಿಗೂದಲಿನ ಪ್ರೊಫೆಸರಮ್ಮ ಕನ್ನಡಕ ಏರಿಸಿ, “ನಿಮ್ಮ ಡಾಕ್ಟರು ಏನು ಬರ್ದಿದಾರೆ ಗೊತ್ತಾ? ‘ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ, ಏಕೆ ಎಂದು ಕೇಳುವುದಿಲ್ಲ.’ ಇದನ್ನ ಹೊಗಳಿಕೆ ಅಂತ ತಗೊಳ್ಳಾ?” ಎಂದರು.

ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಆ ಮಾತು ಆಗಸ್ಟಿನ ಯಾವ ಸಂಜೆಯನ್ನು ನೆನೆದು ಬರೆದದ್ದೆಂದು ನನಗೊಬ್ಬಳಿಗೇ ಗೊತ್ತಿತ್ತು.

“ಡಾಕ್ಟರು ತಪ್ಪು ಮಾಡ್ತಿದಾರೆ ಅಂತ ನಿಮಗೆ ಅನಿಸಿದ್ದು ಯಾವಾಗ್ಲಾದ್ರೂ ಉಂಟಾ?”

ಇದನ್ನು ಎಲ್ಲರಿಗೂ ಕೇಳುತ್ತಾರೆ. ಕನ್ನಡಿಯ ಮುಂದೆ ಉತ್ತರ ಕಲಿತಿದ್ದೆ. ಒಬ್ಬ ಮುದುಕನ ಔಷಧಿಯ ಅಲರ್ಜಿಯನ್ನು ನಾನು ನೆನಪಿಸಿದ್ದು, ಡಾಕ್ಟರು ಮೆಚ್ಚಿದ್ದು. ಚೆನ್ನಾಗಿ ಹೇಳಿದೆ. ಅವರು ಗುರುತು ಹಾಕಿಕೊಂಡರು.

ಫೆಬ್ರವರಿಯಲ್ಲಿ ಸೀಟು ಸಿಕ್ಕಿತು. ಅಮ್ಮ ಅಡುಗೆಮನೆಯ ಹೆಂಗಸರನ್ನೆಲ್ಲ ಫೋನಿಗೆ ಎಳೆದು ಕೂಗಿಸಿದಳು. ನನಗೂ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ? ಗೊಳೋ ಎಂದು ಅತ್ತೆ.

ಮಾರ್ಚಿನ ಒಂದು ಮಧ್ಯಾಹ್ನ ಕೌಂಟರಿನ ಹತ್ತಿರ ಒಬ್ಬ ಎತ್ತರದ ಮುದುಕ ಟೋಪಿ ತೆಗೆದು ನಿಂತಿದ್ದ. ಕೈಯಲ್ಲಿ ಮಡಿಚಿ ಮಡಿಚಿ ಸವೆದ ಹಾಳೆ.

“ತೆರೇಸಾ ಹುಡಾಕ್ ಅಂದ್ರೆ ನೀನೇನಮ್ಮಾ? ಇದರ ಕೆಳಗೆ ನಿನ್ನ ಹೆಸರಿದೆ. ನಾನು ಓಪಲ್ ಗಂಡ, ವೆರ್ನನ್.”

ಮುಗಿಯಿತು ಅಂದುಕೊಂಡೆ.

“ವಕೀಲ ಇದನ್ನ ನೋಡಿ ಕೇಸು ನಿಲ್ಲಲ್ಲ ಅಂದ. ಕೇಸು ಹಾಳಾಗ್ಲಿ ಬಿಡು. ಆರು ತಿಂಗಳಿಂದ ನಾನು ಅವಳನ್ನ ಬೈತಾ ಇದೀನಿ ಮಗಳೇ. ಯಾಕೆ ಬೇಡ ಅಂದೆ ಮುದುಕೀ, ಯಾಕೆ ಬೇಡ ಅಂದೆ ಅಂತ. ಗೋರಿ ಹತ್ರ ಹೋಗಿನೂ ಬೈತೀನಿ. ನೀನು ಅಲ್ಲೇ ನಿಂತಿದ್ಯಲ್ಲ. ಅವಳು ಏನಂದ್ಲು? ಅವಳ ಬಾಯಲ್ಲಿ ಬಂದಂಗೇ ಹೇಳು.”

ಹತ್ತು ಹೆಜ್ಜೆ ಆಚೆ ಪ್ರೂಯಿಟ್ ಒಂದು ಎಕ್ಸ್‌ರೇ ನೋಡುತ್ತ ನಿಂತಿದ್ದರು. ತಿರುಗಲೂ ಇಲ್ಲ. ತಿರುಗುವ ಅಗತ್ಯ ಅವರಿಗಿರಲಿಲ್ಲ. ನಿಜ ಒಂದೇ ಒಂದು ವಾಕ್ಯದಷ್ಟು ದೂರವಿತ್ತು. ಅದರ ಆಚೆಗೆ ನನ್ನ ಸೀಟು, ಅಮ್ಮನ ಕೂಗು, ಏಳು ವರ್ಷದ ಹೋರಾಟ.

“‘ಏನೂ ಬೇಡಪ್ಪಾ, ಮನೆಗೆ ಹೋಗ್ತೀನಿ’ ಅಂದ್ರು,” ಎಂದೆ. “‘ವೆರ್ನನ್ ಕಾಯ್ತಿರ್ತಾನೆ’ ಅಂದ್ರು.”

ಮುದುಕ ಅಳುತ್ತಲೇ ನಕ್ಕ. “ಹೌದು,” ಅಂದ. “ಹಾಗೇ ಹೇಳೋಳು. ಪಕ್ಕಾ ಅವಳೇ.” ಆಮೇಲೆ ಆ ಹಾಳೆಯನ್ನು ತಿರುವಿ ನನ್ನ ಮುಂದಿಟ್ಟ.

“ಇದರ ಹಿಂದೆ ಬರ್ಕೊಡ್ತೀಯಾ? ನನಗೀಗ ಮರೆವು ಜಾಸ್ತಿ.”

ಪೆನ್ನು ತೆಗೆದುಕೊಂಡು ದುಂಡಗೆ ಬರೆದೆ. ಈ ಸಲ ಯಾರೂ ಹೇಳಿ ಬರೆಸಿರಲಿಲ್ಲ.